ಬೀಳ್ಕೊಡುಗೆಗೊಂದು ಜಾಗವನ್ನರಸಿ

ಹತ್ತನೆಯ ತರಗತಿಯ ಮಕ್ಕಳ ಬೀಳ್ಕೊಡುಗೆಯನ್ನು ಎಲ್ಲಿ ನಡೆಸಬೇಕು? ಈ ಒಂದು ಪ್ರಶ್ನೆ 2025ರ ಜನವರಿ ತಿಂಗಳಲ್ಲಿ ನನ್ನನ್ನು ಮೂರು ಆದಿತ್ಯವಾರಗಳ ಕಾಲ ಕಾಸರಗೋಡು ಸೀಮೆಯಲ್ಲೆಲ್ಲ ಅಲೆಯಿಸಿತು. ಹುಟ್ಟಿ ಬೆಳೆದ ಸೀಮೆಯನ್ನು ಪ್ರವಾಸಿಯ ಕಣ್ಣಿನಿಂದ ನೋಡುವ ಅವಕಾಶ ಎಲ್ಲರಿಗೂ ದೊರೆಯುವುದಿಲ್ಲ. ನನಗದು ಕಿರಿಮಗಳ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಕೃಪೆಯಿಂದ ಒದಗಿತು. ಆ ಅಲೆದಾಟದ ಕಥೆಯನ್ನು ಇಲ್ಲಿ ಹೇಳುತ್ತಿರುವುದು, ಗಡಿಯಾಚೆಯ ಇತರ ಊರುಗಳ ಕನ್ನಡ ಮನೆಗಳಲ್ಲಿಯೂ ಪ್ರತಿವರ್ಷ ಇದೇ ಪ್ರಶ್ನೆ ತಲೆಯೆತ್ತುತ್ತಿರಬಹುದೆಂಬ ನಂಬಿಕೆಯಿಂದ.

ನಮ್ಮ ಶಾಲೆಯಿರುವುದು ಕುಂಬಳೆಯಿಂದ ಮೂಡಲಿಗೆ, ಮುರಕಲ್ಲಿನ ಗುಡ್ಡವೊಂದರ ಬೆನ್ನಿನ ಮೇಲೆ. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಕನ್ನಡ ಹಾಗೂ ಮಲಯಾಳ ಮಾಧ್ಯಮಗಳೆರಡೂ ಒಂದೇ ಮಾಡಿನ ಕೆಳಗೆ ನಡೆಯುತ್ತವೆ. ಆ ವರ್ಷ ಹತ್ತನೆಯ ತರಗತಿಯ ಮಲಯಾಳ ವಿಭಾಗದಲ್ಲಿ 62 ಮಕ್ಕಳಿದ್ದರೆ ಕನ್ನಡ ವಿಭಾಗದಲ್ಲಿ ಇದ್ದವರು 27 ಮಂದಿ. ನಾನು ಅದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ 1990ರಲ್ಲಿ ಕನ್ನಡದ್ದೇ ಎರಡು ಡಿವಿಷನ್‌ಗಳು ತುಂಬಿರುತ್ತಿದ್ದವು.

ಸಂಘದ ಸಭೆಯಲ್ಲಿ ಮಾತು ಹಲವು ದಾರಿ ಹಿಡಿಯಿತು. ಪೇಟೆಯ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿಯೋಣ, ಈಗ ಎಲ್ಲ ಕಡೆ ಮಾಡುವಂತೆ ಮಕ್ಕಳಿಗೆ ಕಪ್ಪು ನಿಲುವಂಗಿ, ಚಪ್ಪಟೆ ಟೊಪ್ಪಿಗಳನ್ನು ತೊಡಿಸಿ ಪದವೀಪ್ರದಾನದ ಹಾಗೆ ನಡೆಸೋಣ ಎಂದರು ಒಬ್ಬರು. ಬೇಕಲ ಕೋಟೆಯಲ್ಲಿ ಕಡಲ ಹಿನ್ನೆಲೆಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಎಂದರು ಇನ್ನೊಬ್ಬರು. ಅನಂತಪುರದ ಸರೋವರ ಕ್ಷೇತ್ರದ ಬಳಿ ಶಾಂತವಾಗಿರುತ್ತದೆ ಎಂದು ಮತ್ತೊಬ್ಬರ ಸೂಚನೆ. ಕನ್ನಡ ವಿಭಾಗದ ತಂದೆಯೊಬ್ಬರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: “ಜಾಗ ಯಾವುದೇ ಆಗಲಿ. ಅಷ್ಟು ದೊಡ್ಡ ಸಭೆಯಲ್ಲಿ ನಮ್ಮ ಇಪ್ಪತ್ತೇಳು ಮಕ್ಕಳ ಹೆಸರನ್ನು ಕೊನೆಯಲ್ಲಿ ಎರಡು ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ನಮ್ಮದನ್ನು ಬೇರೆಯಾಗಿಯೇ ಮಾಡುವ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯುಂಟಲ್ಲ?”

ಸಭೆ ಒಮ್ಮೆ ಮೌನವಾಯಿತು. ಆ ಮಾತಿನ ಹಿಂದಿದ್ದ ನೋವು ಎಲ್ಲರಿಗೂ ಅರ್ಥವಾಗುವಂಥದೇ. ನಮ್ಮಲ್ಲಿ ಹತ್ತನೆಯ ತರಗತಿಯೆಂದರೆ ಮಕ್ಕಳು ಗಣಿತವನ್ನೂ ವಿಜ್ಞಾನವನ್ನೂ ಚರಿತ್ರೆಯನ್ನೂ ಕನ್ನಡದಲ್ಲಿ ಕಲಿಯುವ ಕೊನೆಯ ವರ್ಷ. ಅಲ್ಲಿಂದ ಮುಂದೆ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿಗೆ ಹೊರಳುತ್ತವೆ. ಕನ್ನಡ ಉಳಿದರೆ ಒಂದು ಭಾಷಾವಿಷಯವಾಗಿ ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಬೀಳ್ಕೊಡುಗೆಯಲ್ಲಿ ಮಕ್ಕಳು ಅಗಲುವುದು ಶಾಲೆಯೊಂದನ್ನೇ ಅಲ್ಲ. ಮುಖ್ಯೋಪಾಧ್ಯಾಯಿನಿಯವರು ನನ್ನತ್ತ ತಿರುಗಿ, “ತಾವು ಇದೇ ಶಾಲೆಯ ಹಳೆಯ ವಿದ್ಯಾರ್ಥಿ. ಎಲ್ಲ ಜಾಗಗಳನ್ನೂ ನೋಡಿಕೊಂಡು ಬಂದು ಹೇಳಿ. ಆಮೇಲೆ ತೀರ್ಮಾನಿಸುವ” ಎಂದರು.

ಆ ರಾತ್ರಿ ಮನೆಯ ಜಗಲಿಯಲ್ಲಿ ಕುಳಿತು ಮಗಳು ಒಂದು ಹಾಳೆಯ ಮೇಲೆ ಪಟ್ಟಿ ಬರೆದಳು. ನೆರಳು, ಕುಡಿಯುವ ನೀರು, ಶೌಚಾಲಯ, ಸಂಜೆ ಆರರೊಳಗೆ ಮನೆ ಮುಟ್ಟಲು ಬಸ್ಸು, ಕೊನೆಯ ಸಾಲಿನವರಿಗೂ ಮಾತು ಕೇಳಿಸಬೇಕು – ಹೀಗೆ ಐದು. ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಿದ್ದ ನನ್ನ ತಾಯಿ ಅದನ್ನು ಕೇಳುತ್ತಲೇ ಇದ್ದವರು, “ಅಲ್ಲಿಗೆ ನಾನು ಬರಲಿಕ್ಕುಂಟಾ?” ಎಂದು ಕೇಳಿದರು. ಎಂಬತ್ತರ ಅಂಚಿನಲ್ಲಿರುವ ಮೊಣಕಾಲುನೋವಿನ ಹೆಂಗಸು. ಮಗಳು ನಕ್ಕು, “ಅಜ್ಜಿ ಬರಲಿಕ್ಕಾಗುವ ಜಾಗ” ಎಂದು ಆರನೆಯದಾಗಿ ಬರೆದಳು. ಆ ಆರನೆಯ ಷರತ್ತು ಉಳಿದ ಐದನ್ನೂ ಅಳೆಯುವ ಕೋಲಾದೀತೆಂದು ಆಗ ನಮಗೆ ಹೊಳೆದಿರಲಿಲ್ಲ.

ಮೊದಲು ಪೇಟೆಯ ಸಭಾಂಗಣಕ್ಕೆ, ಮದುವೆಯಿಲ್ಲದ ಒಂದು ಆದಿತ್ಯವಾರದ ಸಂಜೆ ಹೋದೆವು. ಸಾವಿರ ಕುರ್ಚಿ, ತಂಪು ಹವೆಯ ಯಂತ್ರ, ವೇದಿಕೆಯ ಮೇಲೆ ಹಿಂದಿನ ದಿನದ ಮದುವೆಯ ಕಾಗದದ ಹೂಗಳು. ಶೌಚಾಲಯ, ನೀರು, ಧ್ವನಿವರ್ಧಕ – ಯಾವುದಕ್ಕೂ ಕೊರತೆಯಿಲ್ಲ. ಮಗಳು ಪಟ್ಟಿಯಲ್ಲಿ ನಾಲ್ಕು ಕಡೆ ಗುರುತು ಹಾಕಿದಳು. ಆದರೆ ಬಾಡಿಗೆ ಕೇಳಿದಾಗ, 89 ಮಕ್ಕಳಿಗೆ ಹಂಚಿದರೂ ಕೂಲಿ ಮಾಡುವ ಮನೆಗಳಿಗೆ ಹೊರೆಯಾಗುವ ಮೊತ್ತ. ನಿಲುವಂಗಿಯ ಬಾಡಿಗೆ ಬೇರೆ. ಸಮಯವೂ ಕಟ್ಟುನಿಟ್ಟು, ಮಧ್ಯಾಹ್ನ ಎರಡಕ್ಕೆ ತೆರವು ಮಾಡಿಕೊಡಬೇಕು, ಸಂಜೆಗೆ ಇನ್ನೊಂದು ಕಾರ್ಯಕ್ರಮವಿದೆ ಎಂದರು. ಮಕ್ಕಳ ಕಣ್ಣೀರಿಗೂ ಗಡಿಯಾರ ಕಟ್ಟಬೇಕೇ ಎಂದುಕೊಂಡೆ.

ಆ ಕಪ್ಪು ನಿಲುವಂಗಿಯ ಬಗೆಗೂ ಒಂದು ಮಾತು. ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಕಲಿಯುವವರೂ ಕಲಿಸುವವರೂ ಬಹುಮಟ್ಟಿಗೆ ಕ್ರೈಸ್ತ ಧರ್ಮಾಧಿಕಾರಿಗಳ ವರ್ಗದವರು; ಬೆಂಕಿಯ ಕಾವಿಲ್ಲದ ಕಲ್ಲಿನ ಕಟ್ಟಡಗಳ ಚಳಿಗೆ ಉದ್ದನೆಯ ದಪ್ಪ ನಿಲುವಂಗಿ ಅವರಿಗೆ ಅಗತ್ಯವೂ ಆಗಿತ್ತು. ಅಲ್ಲಿಂದ ಅದು ಪದವಿಯ ಚಿಹ್ನೆಯಾಗಿ ಲೋಕವೆಲ್ಲ ಹಬ್ಬಿತು. ನಮ್ಮಲ್ಲಿಯೂ ಗುರುಕುಲದ ಓದು ಮುಗಿದಾಗ ಸಮಾವರ್ತನವೆಂಬ ಸಂಸ್ಕಾರವಿತ್ತು; ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳು ಇಂದಿಗೂ ಅನೇಕ ಘಟಿಕೋತ್ಸವಗಳಲ್ಲಿ ಕೇಳಿಬರುತ್ತವೆ. ಯಾವ ಉಡುಪೂ ಕೀಳಲ್ಲ. ಆದರೆ ಮಾಘದ ಬಿಸಿಲಿಗೆ ಕರಾವಳಿಯ ಸೆಕೆಯಲ್ಲಿ ಕಪ್ಪು ಬಟ್ಟೆಯೊಳಗೆ ಬೆವರುವುದಕ್ಕಾಗಿ ಬಡವರು ಹಣ ತೆರಬೇಕೆಂಬುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹೊರಬರುವಾಗ ಮಗಳೇ ಅಂದಳು: “ಅಪ್ಪಾ, ಹೆದ್ದಾರಿ ದಾಟಿ ಇಲ್ಲಿಗೆ ಬರಲು ಅಜ್ಜಿಗೆ ಸಾಧ್ಯವಿಲ್ಲ.” ಹೆದ್ದಾರಿ ಆರು ಪಥಗಳಾಗಿ ಅಗಲವಾದ ಮೇಲೆ ಒಂದು ಬದಿಯಲ್ಲಿ ಬಸ್ಸಿಳಿದವರು ಇನ್ನೊಂದು ಬದಿಗೆ ಹೋಗಲು ಬಹುದೂರ ನಡೆಯಬೇಕು.

ಎರಡನೆಯ ಆದಿತ್ಯವಾರ ಬೇಕಲಕ್ಕೆ ಪಯಣ. ಕಾಸರಗೋಡು ಪೇಟೆಯಿಂದ ತೆಂಕಲಿಗೆ ಹೊರಟ ಬಸ್ಸು ಸ್ವಲ್ಪ ಹೊತ್ತಿಗೇ ಚಂದ್ರಗಿರಿ ಸೇತುವೆಯನ್ನು ದಾಟುತ್ತದೆ. ಈ ಹೊಳೆಯನ್ನು ಮೇಲ್ಭಾಗದಲ್ಲಿ ಪಯಸ್ವಿನಿಯೆಂದು ಕರೆಯುತ್ತಾರೆ. ದಡದ ದಿನ್ನೆಯ ಮೇಲೆ ಚಂದ್ರಗಿರಿ ಕೋಟೆಯಿದೆ. ಮಹಾಜನ ಆಯೋಗವು 1967ರ ತನ್ನ ವರದಿಯಲ್ಲಿ ಇದೇ ಹೊಳೆಯ ಬಡಗಣ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾರ್ಯಗತವಾಗಲಿಲ್ಲ. ನನ್ನ ತಲೆಮಾರಿನವರು ಈ ಸೇತುವೆ ದಾಟುವಾಗ ಒಮ್ಮೆ ನೀರಿನತ್ತ ನೋಡದೆ ಇರುವುದಿಲ್ಲ. ಮಗಳು ಮಾತ್ರ ದೋಣಿಗಳನ್ನು ಎಣಿಸುತ್ತಿದ್ದಳು.

ಬೇಕಲ ಕೋಟೆಯನ್ನು ಕಟ್ಟಿಸಿದವನು ಇಕ್ಕೇರಿಯ ಶಿವಪ್ಪನಾಯಕ. ಕಾಲ ಹದಿನೇಳನೆಯ ಶತಮಾನದ ನಡುಭಾಗ. ಸುಮಾರು ನಲವತ್ತು ಎಕರೆಯ ವಿಸ್ತಾರದಲ್ಲಿ ಕಡಲಿಗೆ ಮೈಚಾಚಿ ನಿಂತಿರುವ ಮುರಕಲ್ಲಿನ ಈ ಕೋಟೆ ಮುಂದೆ ಹೈದರಾಲಿಯ ವಶವಾಯಿತು. ಟಿಪ್ಪುವಿನ ಬಳಿಕ ಇಂಗ್ಲಿಷರ ಕೈಸೇರಿತು. ಅವರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಿಗೆ ಬೇಕಲದ್ದೇ ಹೆಸರಿತ್ತು. ಬಾಗಿಲಲ್ಲಿ ಆಂಜನೇಯನ ಗುಡಿ, ಒಳಗೆ ಓರೆಯಾಗಿ ಏರುವ ದಾರಿಯುಳ್ಳ ಎತ್ತರದ ಕಾವಲು ಬುರುಜು, ಅದರ ಮೇಲೆ ನಿಂತರೆ ಮೂರು ದಿಕ್ಕಿಗೂ ನೀಲಿ ನೀರು. ಆ ನೋಟವನ್ನು ಬಣ್ಣಿಸಲು ಹೊರಟರೆ ಈ ಲೇಖನ ಬೇರೆಯೇ ದಾರಿ ಹಿಡಿದೀತು.

ನಾವು ಬಂದದ್ದು ಪರೀಕ್ಷೆ ಮಾಡಲಿಕ್ಕೆ. ಮಗಳು ಬುರುಜಿನ ಬುಡದ ಹುಲ್ಲಿನ ಮೇಲೆ ನಿಂತು, ತಾನು ಓದಬೇಕಿದ್ದ ಸ್ವಾಗತಭಾಷಣವನ್ನು ಗಟ್ಟಿಯಾಗಿ ಓದತೊಡಗಿದಳು. ನಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದೆ. ಹದಿನೈದು ಹೆಜ್ಜೆಗೆ ಮಾತು ಅಸ್ಪಷ್ಟವಾಯಿತು. ಇಪ್ಪತ್ತೈದಕ್ಕೆ ತುಟಿಗಳು ಅಲುಗುವುದಷ್ಟೆ ಕಂಡಿತು. ಉಳಿದುದನ್ನೆಲ್ಲ ಕಡಲಗಾಳಿ ಹೊತ್ತೊಯ್ದಿತ್ತು. ನೆರಳೋ, ಅಲ್ಲೊಂದು ಇಲ್ಲೊಂದು ಮರದ ಬುಡದಲ್ಲಿ ಮಾತ್ರ. ಇನ್ನು ಕಾನೂನಿನ ಮಾತು: ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಸಭೆ, ಸತ್ಕಾರ, ಮನರಂಜನೆಗಳನ್ನು ಲಿಖಿತ ಅನುಮತಿಯಿಲ್ಲದೆ ನಡೆಸಬಾರದೆಂದು 1959ರ ನಿಯಮಾವಳಿಯೇ ಹೇಳುತ್ತದೆ. ಅದು ಸರಿಯಾದ ನಿಯಮವೂ ಹೌದು. ಮೂರೂವರೆ ಶತಮಾನಕ್ಕೂ ಮಿಕ್ಕಿ ಬಾಳಿದ ಗೋಡೆಗಳ ಮೇಲೆ ಪ್ರತಿ ಶಾಲೆಯವರೂ ಬಣ್ಣದ ಕಾಗದ ಅಂಟಿಸಿದರೆ ಮುಂದಿನವರಿಗೆ ನೋಡಲು ಏನುಳಿದೀತು? ಕಲ್ಲುಹಾಸಿನ ಮೇಲೆ ಕುಳಿತು ಮಗಳು ಹಾಳೆ ತೆಗೆದಳು. ಅಜ್ಜಿಯ ಷರತ್ತಿನ ಎದುರು ಏನನ್ನೂ ಬರೆಯದೆ ಮಡಚಿಟ್ಟಳು.

ಮೂರನೆಯ ಆದಿತ್ಯವಾರ ಬೆಳಗ್ಗೆ ಅನಂತಪುರ. ಕುಂಬಳೆ-ಬದಿಯಡ್ಕ ರಸ್ತೆಯಿಂದ ಒಳಕ್ಕೆ ತಿರುಗಿ, ಒಣಹುಲ್ಲಿನ ಬಯಲನ್ನು ದಾಟಿ ಹೋದರೆ ಮುರಕಲ್ಲಿನ ತಗ್ಗಿನಲ್ಲಿ ಸರೋವರ, ಸರೋವರದ ನಡುವೆ ಗರ್ಭಗುಡಿ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂಬ ನಂಬಿಕೆಯಿದೆ. ಈ ಕೆರೆಯಲ್ಲಿ ಬಹುಕಾಲ ಬಾಳಿದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ನೆರೆದು ಬೀಳ್ಕೊಟ್ಟಿತು. ಮಾತು ಬಾರದ ಜೀವಿಗೂ ಅಂಥ ಬೀಳ್ಕೊಡುಗೆ ಸಂದ ಜಾಗ! ನೆರಳಿಗೂ ಮೌನಕ್ಕೂ ಕೊರತೆಯಿಲ್ಲ.

ಆದರೆ ನಮ್ಮ ಇಪ್ಪತ್ತೇಳು ಮಕ್ಕಳ ಹಾಜರಿಪಟ್ಟಿ ನನ್ನ ಕಿಸೆಯಲ್ಲಿತ್ತು. ಅದರಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡ ಆಡುವವರು, ಕೊಂಕಣಿ, ಮರಾಟಿ ಆಡುವವರು, ಬ್ಯಾರಿ ಆಡುವವರು ಎಲ್ಲರೂ ಇದ್ದರು. ಐವರು ಮುಸಲ್ಮಾನ ಮಕ್ಕಳು, ಇಬ್ಬರು ಕ್ರೈಸ್ತರು. ದೇವಸ್ಥಾನಕ್ಕೆ ಅದರದೇ ಆದ ಕಟ್ಟಳೆ, ಪೂಜೆಯ ಹೊತ್ತು, ಉಡುಪಿನ ಕ್ರಮ ಇರುತ್ತವೆ; ಇರಬೇಕಾದದ್ದೇ. ಮಸೀದಿಗೂ ಇಗರ್ಜಿಗೂ ಅದೇ ಮಾತು. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬ ಹುಡುಗಿಯಾದರೂ ಬಾಗಿಲ ಬಳಿ ಬಂದು ‘ನಾನು ಒಳಗೆ ಬರಬಹುದೇ’ ಎಂದು ಅರೆಕ್ಷಣ ಅಳುಕಿ ನಿಂತರೆ ಆ ಬೀಳ್ಕೊಡುಗೆ ಅಲ್ಲಿಗೇ ಕೆಟ್ಟುಹೋಯಿತು. ಕೈಮುಗಿದು, ಮೊಸಳೆಯ ನೆನಪಿಗೆ ಒಂದು ಕ್ಷಣ ನಿಂತು ಹಿಂತಿರುಗಿದೆವು.

ಅದೇ ದಿನ ಮಧ್ಯಾಹ್ನ ಮಂಜೇಶ್ವರಕ್ಕೆ ಹೋದೆವು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿ ಬರೆದ ಮನೆ ಈಗ ಅವರ ಸ್ಮಾರಕ. ಅವರ ಮೊದಲ ಕವನಸಂಕಲನದ ಹೆಸರನ್ನೇ ಇಟ್ಟು ‘ಗಿಳಿವಿಂಡು’ ಎಂದು ಕರೆಯುತ್ತಾರೆ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳಿಗೆ ರಾಷ್ಟ್ರಕವಿಯೆಂಬ ಬಿರುದನ್ನು 1949ರಲ್ಲಿ ಕೊಟ್ಟದ್ದು ಮದರಾಸು ಸರಕಾರ. ಮಂಜೇಶ್ವರ ಕೇರಳಕ್ಕೆ ಸೇರಿದುದನ್ನು ಅವರು ಕಂಡು ನೊಂದರು. ಅಂಗಳದಲ್ಲಿ ನಡೆಯುತ್ತ ಮಗಳಿಗೊಂದು ಸಂಗತಿ ಹೇಳಿದೆ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದ ಪೈಗಳು ಮನೆಯಲ್ಲೊದಗಿದ ಆಪತ್ತಿನಿಂದಾಗಿ ಪದವಿಯನ್ನು ಪೂರ್ಣಗೊಳಿಸಲಾಗದೆ ಊರಿಗೆ ಮರಳಿದರು. ಹಲವು ಭಾಷೆಗಳನ್ನು ಕಲಿತು, ಶಾಸನಗಳನ್ನು ಶೋಧಿಸಿ, ಕಾವ್ಯ ಬರೆದು ಊರಿಗೆ ಊರನ್ನೇ ಹೆಸರುವಾಸಿ ಮಾಡಿದವರ ಬಳಿ ಪದವಿಯ ನಿಲುವಂಗಿ ಇರಲಿಲ್ಲ. ಮಗಳು ಬಹಳ ಹೊತ್ತು ಆ ಮನೆಯ ಮಾಡನ್ನು ನೋಡುತ್ತ ನಿಂತಳು. ಗಣಿತದ ಮಾದರಿ ಪರೀಕ್ಷೆಯ ಭಯ ಅವಳನ್ನು ಆಗ ಕಾಡುತ್ತಿತ್ತೆಂಬುದು ನನಗೆ ಗೊತ್ತಿತ್ತು.

ಇಲ್ಲಿಯೇ ಮಾಡಬೇಕೆಂದು ನನ್ನ ಮನಸ್ಸು ಪೂರ್ತಿಯಾಗಿ ಒಲಿಯಿತು. ಕನ್ನಡದ ಮಕ್ಕಳನ್ನು ಕನ್ನಡದ ಕವಿಯ ಮನೆಯಿಂದ ಬೀಳ್ಕೊಡುವುದಕ್ಕಿಂತ ಉಚಿತವಾದುದು ಬೇರೆ ಯಾವುದಿದೆ? ಆದರೆ ಹಿಂತಿರುಗುವ ಬಸ್ಸಿನಲ್ಲಿ ಹಾಳೆಯನ್ನು ಮತ್ತೆ ಬಿಚ್ಚಿದೆವು. ನಮ್ಮ ಗುಡ್ಡದಿಂದ ಕುಂಬಳೆಗೊಂದು, ಕುಂಬಳೆಯಿಂದ ಮಂಜೇಶ್ವರಕ್ಕೊಂದು – ಹೀಗೆ ಹೋಗಲು ಎರಡು ಬಸ್ಸು, ಬರಲು ಎರಡು. ಮಕ್ಕಳು ಸುಲಭವಾಗಿ ಬಂದಾರು. ಕೂಲಿ ಬಿಟ್ಟು ಬರಬೇಕಾದ ತಾಯಂದಿರು? ಅಡಿಕೆ ಸುಲಿಯುವ ಕಾಲ ಬೇರೆ. ಇನ್ನು ಮಲಯಾಳ ವಿಭಾಗದ ಅರುವತ್ತೆರಡು ಮಂದಿ? ಐದನೆಯ ತರಗತಿಯಿಂದ ಒಂದೇ ತಂಡದಲ್ಲಿ ಕಬಡ್ಡಿ ಆಡಿದವರನ್ನು ಆ ದಿನ ಮಾತ್ರ ಬೇರ್ಪಡಿಸುವುದೇ? ಮಗಳು ಹೇಳಿದಳು: “ನನ್ನ ಆಪ್ತ ಗೆಳತಿ ಮಲಯಾಳ ಡಿವಿಷನಿನವಳು, ಅಪ್ಪಾ. ಅವಳಿಲ್ಲದಿದ್ದರೆ ನಾನು ಯಾರನ್ನು ಬೀಳ್ಕೊಡುವುದು?” ನನ್ನಲ್ಲಿ ಉತ್ತರವಿರಲಿಲ್ಲ.

ಬಸ್ಸಿಳಿದು ಗುಡ್ಡವೇರುವಾಗ ಐದು ಗಂಟೆ. ಶಾಲೆಗೆ ರಜೆಯಾದ್ದರಿಂದ ಅಂಗಳ ಬರಿದಾಗಿತ್ತು. ಕಟ್ಟಡದ ನೆರಳು ಮೂಡಣ ಅಂಗಳದ ಪೂರ್ತಿ ಚಾಚಿಕೊಂಡಿತ್ತು. ಅಂಗಳದ ಅಂಚಿನ ದೊಡ್ಡ ನೆಕ್ಕರೆ ಮಾವಿನ ಮರ ಹೂಬಿಟ್ಟು ನಿಂತಿತ್ತು. ಗುಡ್ಡದ ಬದಿಯ ಸುರಂಗದಿಂದ ಹರಿದು ಬಂದ ನೀರು ತೊಟ್ಟಿಗೆ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ಸೀಮೆಯ ಹೆಗ್ಗಳಿಕೆ; ಪಂಪಿಲ್ಲ, ಹಗ್ಗವಿಲ್ಲ, ನೀರು ತಾನಾಗಿಯೇ ಹರಿದು ಬರುತ್ತದೆ. ನಾನೂ ಮಗಳೂ ಪರಸ್ಪರ ಮುಖ ನೋಡಿಕೊಂಡೆವು. ಹಾಳೆ ಹೊರಬಂತು. ನೆರಳು, ನೀರು, ಶೌಚಾಲಯ, ಬಸ್ಸು. ಅವಳು ಮಾವಿನ ಬುಡದಲ್ಲಿ ನಿಂತು ಭಾಷಣ ಓದಿದಳು. ನಾನು ಅಂಗಳದ ಕೊನೆಯ ಮೆಟ್ಟಿಲಿನವರೆಗೆ ಹೋದೆ. ಹಿಂದೆ ಕಟ್ಟಡದ ಗೋಡೆಯಿದ್ದುದರಿಂದ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಆರನೆಯದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ನನ್ನ ತಾಯಿ 1951ರಲ್ಲಿ ಒಂದನೆಯ ತರಗತಿಗೆ ಸೇರಿದ್ದು ಇದೇ ಅಂಗಳದ ಹಳೆಯ ಹುಲ್ಲುಮಾಡಿನ ಶಾಲೆಗೆ.

ಮರುದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ನನ್ನ ವರದಿ ಒಪ್ಪಿಸಿದೆ. ಮೂರು ಆದಿತ್ಯವಾರ ತಿರುಗಿ ಕೊನೆಗೆ ಶಾಲೆಯ ಅಂಗಳವನ್ನೇ ತೋರಿಸಿದುದಕ್ಕೆ ನಗೆಪಾಟಲಾದೇನೆಂಬ ಅಳುಕಿತ್ತು. ಅವರು ನಗಲಿಲ್ಲ, ಎದ್ದು ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ಮೇಜಿನ ಮೇಲೆ ತಂದಿಟ್ಟರು. ಮೊದಲ ಪುಸ್ತಕದ ಮೇಲೆ ಮಸುಕಾದ ಶಾಯಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಮದರಾಸು ರಾಜ್ಯ ಎಂದಿತ್ತು. 1956ರ ನವೆಂಬರ್ ಒಂದರಂದು ತಾಲೂಕು ಕೇರಳಕ್ಕೆ ಸೇರಿತು. 1957ರಿಂದ ಕಣ್ಣೂರು ಜಿಲ್ಲೆ ಎಂಬ ವಿಳಾಸ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. 2014ರಲ್ಲಿ ಮಂಜೇಶ್ವರ ತಾಲೂಕು ಬೇರೆಯಾದಾಗ ಇನ್ನೊಂದು ಬದಲಾವಣೆ. ಒಂದೇ ಗುಡ್ಡ, ಒಂದೇ ಮಾವಿನ ಮರ, ನಾಲ್ಕು ವಿಳಾಸ. ಪುಟ ತಿರುವುತ್ತಿದ್ದ ನನ್ನ ಬೆರಳು 1951ರ ಒಂದು ಸಾಲಿನಲ್ಲಿ ನಿಂತಿತು. ಉರುಟಾದ ಕನ್ನಡ ಅಕ್ಷರಗಳಲ್ಲಿ ನನ್ನ ತಾಯಿಯ ಹೆಸರಿತ್ತು. ಹೊರಟುಹೋದ ಕಾರಣವೆಂಬ ಅಂಕಣದಲ್ಲಿ, ಐದನೆಯ ತರಗತಿಯ ನಡುವೆ, ‘ಮನೆಗೆಲಸ’ ಎಂದು ಒಂದೇ ಪದ. ಅವರಿಗೆ ಯಾರೂ ಬೀಳ್ಕೊಡುಗೆ ಮಾಡಿರಲಿಲ್ಲ.

ಹೆಸರು ಓದುವ ಕ್ರಮದ ಸಮಸ್ಯೆಗೂ ಆ ಪುಸ್ತಕದಲ್ಲೇ ಪರಿಹಾರ ಸಿಕ್ಕಿತು. ಮಾಧ್ಯಮದ ಪ್ರಕಾರವೂ ಬೇಡ, ಅಂಕಗಳ ಪ್ರಕಾರವೂ ಬೇಡ; ದಾಖಲಾತಿಯ ಕ್ರಮಸಂಖ್ಯೆಯ ಪ್ರಕಾರ ಕರೆಯೋಣ ಎಂದರು ಮುಖ್ಯೋಪಾಧ್ಯಾಯಿನಿಯವರು. ಒಂದನೆಯ ತರಗತಿಗೆ ಅಳುತ್ತ ಬಂದು ಸೇರಿದ ದಿನ ಯಾರ ಹಿಂದೆ ಯಾರು ನಿಂತಿದ್ದರೋ ಅದೇ ಸಾಲು. ಕನ್ನಡದ ಮಕ್ಕಳನ್ನು ಕನ್ನಡದ ಅಧ್ಯಾಪಕರು ಕನ್ನಡದಲ್ಲಿ, ಮಲಯಾಳದ ಮಕ್ಕಳನ್ನು ಅವರ ಅಧ್ಯಾಪಕರು ಮಲಯಾಳದಲ್ಲಿ ಕರೆಯುವುದು. ಹೀಗೆ ಮಾಡಿದರೆ ಇಪ್ಪತ್ತೇಳು ಹೆಸರುಗಳು ಕೊನೆಯಲ್ಲಿ ಗುಂಪಾಗಿ ಬಾರದೆ ಆರಂಭದಿಂದ ಅಂತ್ಯದವರೆಗೆ ಹರಡಿಕೊಳ್ಳುತ್ತವೆ. ಸಭೆಯಲ್ಲಿ ಬೇರೆಯಾಗಿ ಮಾಡುವ ಎಂದಿದ್ದ ತಂದೆಗೆ ನಾನೇ ಹೋಗಿ ತಿಳಿಸಿದೆ. ಅವರು ಸ್ವಲ್ಪ ಯೋಚಿಸಿ, “ಆಹ್ವಾನಪತ್ರದಲ್ಲಿಯೂ ಎರಡು ಭಾಷೆ ಇರಲಿ” ಎಂದಷ್ಟೇ ಹೇಳಿದರು. ಹಾಗೆಯೇ ಆಯಿತು.

ದಿನವನ್ನು ಆರಿಸುವುದೂ ಜಾಗವನ್ನು ಆರಿಸಿದಷ್ಟೇ ಮುಖ್ಯ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 3ಕ್ಕೆ ಆರಂಭ. ರಂಜಾನಿನ ಉಪವಾಸವೂ ಮಾರ್ಚ್ ಮೊದಲಿಗೇ ಬರುತ್ತಿತ್ತು. ಪಾನಕವನ್ನಾದರೂ ಎಲ್ಲ ಮಕ್ಕಳೂ ಒಟ್ಟಿಗೆ ಕುಡಿಯಬೇಕಾದರೆ ಅದಕ್ಕೂ ಮೊದಲೇ ಮುಗಿಯಬೇಕು. ಮಾದರಿ ಪರೀಕ್ಷೆ ಮುಗಿದ ಬಳಿಕದ ಶನಿವಾರ ಗೊತ್ತಾಯಿತು. ಹೊತ್ತು ಮೂರೂವರೆ, ಆ ವೇಳೆಗೆ ಕಟ್ಟಡದ ನೆರಳು ಅಂಗಳದ ಅರ್ಧವನ್ನು ದಾಟಿರುತ್ತದೆ. ಉಳಿದರ್ಧಕ್ಕೆ ತಂದೆಯಂದಿರು ಕಂಗಿನ ಕಂಬ ನೆಟ್ಟು ತೆಂಗಿನ ಮಡಲಿನ ಚಪ್ಪರ ಹಾಕಿದರು. ಮಕ್ಕಳು ತಮ್ಮ ತಮ್ಮ ತರಗತಿಯ ಬೆಂಚುಗಳನ್ನು ತಾವೇ ಹೊತ್ತು ತಂದರು. ಖರ್ಚೆಂದರೆ ಧ್ವನಿವರ್ಧಕದ ಬಾಡಿಗೆ, ಬೆಲ್ಲ, ನಿಂಬೆ, ಅವಲಕ್ಕಿ.

ಅಂದು ನಾನೆಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಅಡಿಕೆ ಸುಲಿಯುವ ಕತ್ತಿಯನ್ನು ಮನೆಯಲ್ಲಿಟ್ಟು ಕೈತೊಳೆದು ನೇರವಾಗಿ ಬಂದ ತಾಯಂದಿರು, ಕೋಲೂರಿ ಬಂದ ಅಜ್ಜಂದಿರು, ಮೊಮ್ಮಗನ ಹೆಸರು ಯಾವಾಗ ಬರುತ್ತದೆಂದು ಪದೇ ಪದೇ ಕೇಳುತ್ತಿದ್ದ ಒಬ್ಬ ಬ್ಯಾರಿ ಅಜ್ಜಿ. ಅವರೂ ನನ್ನ ತಾಯಿಯೂ ಮುಂದಿನ ಸಾಲಿನ ಕುರ್ಚಿಗಳಲ್ಲಿ ಅಕ್ಕಪಕ್ಕ ಕುಳಿತು ತುಳುವಿನಲ್ಲಿ ಮಾತಾಡಿಕೊಂಡರು. ಮನೆಯೊಳಗೆ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು – ಹೀಗೆ ಬದುಕುವ ನಮ್ಮ ಸೀಮೆಯಲ್ಲಿ ತುಳುವರ, ಕೊಂಕಣಿಗರ, ಮರಾಟಿಯ, ಬ್ಯಾರಿಯ ಮಕ್ಕಳಿಗೆಲ್ಲ ಕನ್ನಡ ಸಿಕ್ಕಿದ್ದು ಈ ಅಂಗಳದಲ್ಲೇ. ಬೇಕಲದ ಗಾಳಿಯಲ್ಲಿ, ಪೇಟೆಯ ಸಭಾಂಗಣದಲ್ಲಿ ನಾನು ಹುಡುಕುತ್ತಿದ್ದುದು ಇದನ್ನೇ ಎಂಬುದು ಆಗ ತಿಳಿಯಿತು. ಕನ್ನಡಕ್ಕೆ ಇಲ್ಲಿರುವ ಸ್ವಂತ ಮನೆ ಶಾಲೆ. ಮಕ್ಕಳನ್ನು ಕಳುಹಿಸಿಕೊಡುವುದು ಮನೆಯ ಬಾಗಿಲಿನಿಂದ ತಾನೆ?

ಹೆಸರು ಕರೆಯುವ ಕಾರ್ಯ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಕನ್ನಡ, ಎರಡು ಮಲಯಾಳ, ಮತ್ತೊಂದು ಕನ್ನಡ. ಪ್ರತಿಯೊಬ್ಬರೂ ಎದ್ದು ಬಂದು ಕೈಯಲ್ಲೊಂದು ಗಿಡ ಹಿಡಿದು ಹಿಂತಿರುಗಿದರು. ನಡುವೆ ಗಾಳಿಗೆ ಒಂದು ಮಿಡಿಮಾವು ಅತಿಥಿಗಳ ಮೇಜಿನ ಮೇಲೆ ಬಿದ್ದು ಎಲ್ಲರೂ ನಕ್ಕರು. ಮಗಳ ಸರದಿ ಬಂದಾಗ ಅವಳು ಬೆಂಚಿನಿಂದೆದ್ದವಳು ನೇರವಾಗಿ ವೇದಿಕೆಗೆ ಹೋಗದೆ ಅಜ್ಜಿಯ ಬಳಿ ಬಂದಳು. ಏನೋ ಹೇಳಿದಳು, ಕೈಹಿಡಿದು ಎಬ್ಬಿಸಿದಳು. ಇಬ್ಬರೂ ನಿಧಾನವಾಗಿ ಮಾವಿನ ಬುಡದವರೆಗೆ ನಡೆದರು. ಮುಖ್ಯೋಪಾಧ್ಯಾಯಿನಿಯವರಿಗೆ ವಿಷಯ ಗೊತ್ತಿತ್ತು. ಹಳೆಯ ಪುಸ್ತಕವನ್ನು ತೆರೆದು ಇನ್ನೊಂದು ಹೆಸರನ್ನು, 1951ರ ಹೆಸರನ್ನು, ಕನ್ನಡದಲ್ಲಿ ಓದಿದರು. ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಎಪ್ಪತ್ತು ವರ್ಷಗಳ ಹಿಂದೆ ಹಾಜರಿ ಕರೆಯುವಾಗ ಹೇಳುತ್ತಿದ್ದಂತೆ, ಮೆಲ್ಲನೆ “ಹಾಜರ್” ಎಂದರು.

ಏಪ್ರಿಲಿನಲ್ಲಿ, ಪರೀಕ್ಷೆಯ ಭಾರ ಇಳಿದ ಮೇಲೆ, ಎರಡೂ ವಿಭಾಗದ ಮಕ್ಕಳು ಒಟ್ಟಾಗಿ ಒಂದು ಬಸ್ಸಿನಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಮನೆಗೂ ಬೇಕಲ ಕೋಟೆಗೂ ಹೋಗಿಬಂದರು. ನೋಡುವ ಜಾಗ ಬೇರೆ, ಬೀಳ್ಕೊಡುವ ಜಾಗ ಬೇರೆ. ಎರಡನ್ನೂ ಬೆರೆಸಲು ಹೋದುದೇ ನಮ್ಮ ಮೊದಲ ತಪ್ಪು. ಮಗಳ ಗೆಳತಿ ಕೋಟೆಯಲ್ಲಿ ತೆಗೆದ ಫೋಟೋ ಈಗ ನಮ್ಮ ಗೋಡೆಯಲ್ಲಿದೆ. ಕಡಲಗಾಳಿಗೆ ಎಲ್ಲರ ಕೂದಲೂ ಮುಖ ಮುಚ್ಚಿ, ಯಾರು ಯಾರೆಂದು ಗುರುತೇ ಸಿಗುವುದಿಲ್ಲ.

ತಾಳವಾಡಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ರಾಯದುರ್ಗದಲ್ಲಿರಲಿ, ಈ ಲೇಖನವನ್ನು ಓದುತ್ತಿರುವ ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ನಿಮ್ಮ ಶಾಲೆಯ ಸಂಘ ಬೀಳ್ಕೊಡುಗೆಯ ಜಾಗದ ಚರ್ಚೆಗೆ ಕರೆದಾಗ ಮೊದಲು ಮನೆಯ ಹಿರಿಯರನ್ನು ಕೇಳಿ: ಅಲ್ಲಿಗೆ ನೀವು ಬರಲಿಕ್ಕುಂಟೇ ಎಂದು. ಸಾಧ್ಯವಾದರೆ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಒಮ್ಮೆ ತೆರೆಸಿ ನೋಡಿ. ನಮ್ಮ ಶಾಲೆಯ ಪುಸ್ತಕಕ್ಕೆ ಈಚೆಗೆ ಹೊಸ ರಟ್ಟು ಕಟ್ಟಿಸಿದ್ದಾರೆ. 2025ರ ಜೂನಿನಲ್ಲಿ ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಹದಿನಾಲ್ಕು ಹೆಸರುಗಳು ಅದರಲ್ಲಿ ಸೇರಿವೆ.